ಎದೆಗೆ ಹಿಡಿದ ಸ್ಪೀಕರ್

ಕೊಟ್ಟೂರಿನ ಅಬ್ದುಲ್ ಮಜೀದ ಸಾಬರು ಸ್ಪೀಕರಿನ ದೋಷವನ್ನು ಕಿವಿಯಿಂದ ಹುಡುಕಿದವರಲ್ಲ. ಅದರ ಹಿಂದಿನ ಮ್ಯಾಗ್ನೆಟ್ಟನ್ನು ಎದೆಗೆ ಒತ್ತಿಕೊಂಡು, ಮುಂದಿನ ಕಾಗದದ ಆಲಿಕೆಯಂಥ ಕೋನನ್ನು ಹೆಬ್ಬೆರಳುಗಳಿಂದ ಮೆಲ್ಲಗೆ ಅದುಮುತ್ತಿದ್ದರು. ಒಳಗೆ ತಂತಿ ಸುತ್ತಿದ ಕಾಯಿಲ್ ಎಲ್ಲಿ ಉಜ್ಜುತ್ತಿದೆ ಎಂಬುದು ಅವರ ಪಕ್ಕೆಲುಬಿಗೆ ತಿಳಿಯುತ್ತಿತ್ತು. ಹರಪನಹಳ್ಳಿ, ಹಡಗಲಿ ಕಡೆಯ ಮೈಕ್‌ಸೆಟ್ ಬಾಡಿಗೆಗೆ ಕೊಡುವ ನಾವೆಲ್ಲ ಅವರ ಅಂಗಡಿಗೇ ಬರುತ್ತಿದ್ದೆವು.

ನಾಲ್ಕು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಹತ್ತಿ ಬಲಗೈ ನಡುಗತೊಡಗಿತು. ಮಾತ್ರೆ ನಾಟದೆ ಹೋದಾಗ ಬೆಂಗಳೂರಿನಲ್ಲಿ ತಲೆಬುರುಡೆ ಕೊರೆದು ಮೆದುಳಿಗೆ ತಂತಿ ಇಳಿಸಿದರು. ಅದಕ್ಕೆ ಕರೆಂಟು ಕೊಡುವ ಪುಟ್ಟ ಯಂತ್ರ ಎದೆಯ ಚರ್ಮದೊಳಗೆ. ಮೆದುಳಿನ ಒಂದಿಷ್ಟು ಕೋಶಗಳು ಒಂದೇ ತಾಳಕ್ಕೆ ಸಿಕ್ಕಿಬಿದ್ದಿವೆ, ಕರೆಂಟು ಆ ತಾಳವನ್ನು ಮುರಿಯುತ್ತದೆ ಎಂದರು ಡಾಕ್ಟರು. ಮೈಕು ಸ್ಪೀಕರಿನ ದನಿಯನ್ನೇ ಮತ್ತೆ ಹಿಡಿದು ಕುಂಯ್ ಎನ್ನತೊಡಗಿದಾಗ ನಾವು ಬಿಡಿಸುವುದಿಲ್ಲವೇ, ಹಾಗಿರಬೇಕು ಎಂದುಕೊಂಡೆ. ಕೈ ನಿಂತಿತು. ನನಗೇ ಕಣ್ಣಲ್ಲಿ ನೀರು ಬಂತು.

ಅಂಗಡಿ ಮತ್ತೆ ತೆರೆದ ದಿನವೇ ನಡುಕ ಮರಳಿತು. ಹೌಹಾರಿ ಬೆಂಗಳೂರಿಗೆ ಓಡಿದೆವು. ಯಂತ್ರ ಕೆಟ್ಟಿರಲಿಲ್ಲ, ಆಫ್ ಆಗಿತ್ತು ಅಷ್ಟೆ. ಎದೆಯ ಹತ್ತಿರ ಮ್ಯಾಗ್ನೆಟ್ ಏನಾದರೂ ತಂದಿರಾ ಎಂದು ಡಾಕ್ಟರು ಕೇಳಿದಾಗ ಸಾಬರು ನನ್ನ ಮುಖ ನೋಡಿದರು. ಅಂದು ಅವರು ಹಿಡಿದದ್ದು ನನ್ನ ಸ್ಪೀಕರೇ! ಮ್ಯಾಗ್ನೆಟ್ ಹತ್ತಿರ ಬಂದರೆ ಯಂತ್ರ ಆಫ್ ಆಗುತ್ತದೆಂಬ ಎಚ್ಚರಿಕೆ ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿತ್ತಂತೆ, ಇಂಗ್ಲಿಷಿನಲ್ಲಿ. ಕೊಟ್ಟೂರಿನಲ್ಲಿ ಯಾರು ಓದಬೇಕಿತ್ತು ಅದನ್ನು?

ಆಮೇಲೆ ಸ್ಪೀಕರನ್ನು ಮೇಜಿನ ಮೇಲಿಟ್ಟು ನೋಡಿದರು. ಏನೂ ತಿಳಿಯಲಿಲ್ಲ. ನನ್ನ ಎದೆಗೆ ಹಿಡಿಸಿದರು, ನನಗೆ ನನ್ನ ಉಸಿರಷ್ಟೇ ಗೊತ್ತಾಯಿತು. ಗಿರಾಕಿಗಳು ಬೇರೆ ಕಡೆ ಹೋದರು. ನಡುಕವಿಲ್ಲದೆ ಕಲ್ಲಿನಂತೆ ನಿಂತ ಕೈ ಇಟ್ಟುಕೊಂಡು ಆ ಮನುಷ್ಯ ಸುಮ್ಮನೆ ಕೂತಿರುವುದನ್ನು ನೋಡಿದರೆ ಮೈ ಉರಿಯುತ್ತಿತ್ತು.

ಹೋದ ವಾರ ನಾನು ಹೋದಾಗ ಅವರ ಹೆಂಡತಿ ಫಕೀರಬಿ ಅಂಗಡಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು.

"ನೋಡ್ರಿ ಗವಿಸಿದ್ದೇಶಪ್ಪ, ಬ್ಯಾಡ ಅಂದ್ರೂ ಎದಿಗೆ ಹಿಡ್ಕಂಡಾರ!"

ಒಳಗೆ ಸಾಬರ ಕೈ ಗಡಗಡ ನಡುಗುತ್ತಿತ್ತು, ಮುಖ ಮಾತ್ರ ಅರಳಿತ್ತು.

"ಸಿಕ್ತಲೇ ಗವಿ! ಇಲ್ಲೇ ಉಜ್ಜಾಕತ್ತೈತಿ. ಚಾಕ್‌ಪೀಸ್ ಕೊಡು."

ಕೊಟ್ಟೆ. ಅದೇ ಕೈಯಲ್ಲಿ ಗುರುತು ಹಾಕಿದರು. ಫಕೀರಬಿ ಬೈಯುತ್ತಲೇ, ಆಸ್ಪತ್ರೆಯವರು ಆವತ್ತು ಹೇಳಿಕೊಟ್ಟಿದ್ದ ರಿಮೋಟು ತಂದು ಅವರ ಎದೆಗೆ ಹಿಡಿದು ಯಂತ್ರ ಆನ್ ಮಾಡಿದರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಸಾಬರು ಕೋನಿನ ಅಂಟು ಬಿಡಿಸಲು ಚಾಕು ಎತ್ತಿಕೊಂಡು ಸ್ಪೀಕರಿನ ಮೇಲೆ ಬಗ್ಗಿದರು. ಚಾಕ್‌ಪೀಸಿನ ಬಿಳಿ ಗೀಟು ಅರ್ಧ ಅಂಚಿನ ತುಂಬ ಹರಿದಾಡಿತ್ತು.

"ಗವಿ," ಎಂದರು, "ಇದರಾಗ ಆ ಜಾಗ ಯಾವುದೋ?"