ಕರಿಬೇವಿನ ಗೆಲ್ಲಿನ ಗೂಡು

ಸೂತಕದ ದಿನಗಳಲ್ಲಿ ನಮ್ಮಲ್ಲಿ ಒಗ್ಗರಣೆ ಹಾಕುವುದಿಲ್ಲ. ಹಾಗಾಗಿ ನನ್ನ ಗಂಡ ತೀರಿಕೊಂಡ ಮೇಲೆ ಹಿತ್ತಲಿನ ಕರಿಬೇವನ್ನು ಯಾರೂ ಮುಟ್ಟಲಿಲ್ಲ. ಹಸಿರು ಹುಳುಗಳು ಹೊಟ್ಟೆ ತುಂಬ ತಿಂದವು. ಅವರಿದ್ದಾಗ ಅವುಗಳನ್ನು ಎಲೆ ಸಮೇತ ಎತ್ತಿ ಲಿಂಬೆ ಗಿಡಕ್ಕೆ ಬಿಡುತ್ತಿದ್ದರು. "ಹ್ವಾಯ್, ಸಾರಿಗೆ ನಾಕ್ ಎಲೆ ಬಿಡಿ ಮಾರಾಯ್ರೆ" ಎಂದು ಹುಳುಗಳಿಗೇ ಬೈಯುತ್ತಿದ್ದರು.

ಸೂತಕ ಕಳೆದು ಸೊಪ್ಪು ಕೊಯ್ಯಲು ಹೋದಾಗ ಒಂದು ಹುಳು ಗೆಲ್ಲಿಗೆ ಅಂಟಿ ಗೂಡಾಗಿತ್ತು. ಬ್ರಹ್ಮಾವರದಲ್ಲಿ ಜೀವಶಾಸ್ತ್ರ ಕಲಿಸುವ ಅಕ್ಕನ ಮಗಳು ಜೊತೆಗಿದ್ದಳು. ಚಿಟ್ಟೆಯಾಗುವ ಮೊದಲು ಗೂಡಿನೊಳಗೆ ಹುಳುವಿನ ಮಿದುಳೂ ಬದಲಾಗುತ್ತದೆ ಎಂದಳು. ನರಕೋಶಗಳ ನಡುವಿನ ಹಳೆಯ ಸಂಪರ್ಕಗಳು ಎಷ್ಟೋ ಕಳಚಿಹೋಗುತ್ತವಂತೆ. ಉಳಿದ ಕೋಶಗಳು ಹೊಸ ಎಳೆ ಚಾಚಿ, ಹೊಸದಾಗಿ ಹುಟ್ಟಿದವುಗಳೊಂದಿಗೆ ಕೂಡಿಕೊಳ್ಳುತ್ತವಂತೆ. ಹಾಗೆ ಕೂಡಿದ ಮೇಲೆಯೇ ಚಿಟ್ಟೆಗೆ ಹಾರಲು ಬರುವುದು.

"ಹಂಗಾರೆ ಹಿಂದಿನದ್ದೆಲ್ಲ ಮರ್ತ್ ಹೋತ್ತಾ?" ಎಂದೆ.

"ಚಿಕ್ಕಿ, ನೀವ್ ಹುಳಿನ್ ಸುದ್ದಿ ಕೇಂಬುದಾ, ನಿಮ್ದಾ?"

ನಾನು ಗೆಲ್ಲು ಬಗ್ಗಿಸಿ ಗೂಡನ್ನೇ ನೋಡಿದೆ. ಗಂಡನ ಧ್ವನಿ ಮರೆತುಹೋದೀತೆಂಬ ಹೆದರಿಕೆ ಆಗಲೇ ಹತ್ತಿಕೊಂಡಿತ್ತು.

"ಎಲ್ಲ ಹೋತಿಲ್ಲೆ," ಎಂದಳು ಅವಳು. "ಸ್ವಲ್ಪ ಉಳಿತ್ತ್. ಎಂತೆಂತ ಉಳಿತ್ತ್ ಅಂದೇಳಿ ಯಾರಿಗೂ ಪೂರ್ತಿ ಗೊತ್ತಿಲ್ಲೆ."

ಆ ಗೆಲ್ಲನ್ನು ಬಿಟ್ಟು ಬೇರೆ ಕಡೆ ಸೊಪ್ಪು ಕೊಯ್ದೆವು. ಒಳಗೆ ಬರುತ್ತಾ, ಮದುವೆಯಾದ ಹೊಸತರಲ್ಲಿ ನಾನು ಬೈಂದೂರಿನಲ್ಲಿ ತಪ್ಪು ಬಸ್ಸು ಹತ್ತಿದ್ದನ್ನು ಅವಳಿಗೆ ಹೇಳತೊಡಗಿದೆ. "ಹ್ವಾಯ್, ಇಳೀನಿ! ನನ್ ಬಿಟ್ಟಿಕಿ ಎಲ್ಲಿಗ್ ಹೊರಟ್ರಿ?" ಎಂದು ಅವರು ಬಸ್ಸಿನ ಕೆಳಗೆ ನಿಂತು ಕೂಗಿದ್ದನ್ನು ಅವರಂತೆಯೇ ಕೂಗಿ ತೋರಿಸಿದೆ. ಅವಳು ನಗುತ್ತಾ ಕಣ್ಣೊರೆಸಿಕೊಂಡು, "ಚಿಕ್ಕಪ್ಪನೇ ಸೈ" ಎಂದಳು.