ಉಪ್ಪು ನೋಡುವ ಕೆಲಸ

ನನ್ನ ಹೃದಯ ಕೈಕೊಟ್ಟಿದ್ದು ಮಳೆಗಾಲದಲ್ಲಿ. ಅದರ ಪೂರ್ತಿ ಅರ್ಥ ತಿಳಿದದ್ದು ರಂಜಾನ್ ಬಂದಾಗ. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಜೀವ ಉಳಿದದ್ದೇ ದೊಡ್ಡದು ಎಂದಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಚಂದ್ರ ಕಾಣುವ ಹಿಂದಿನ ವಾರ ಕುಂದಾಪುರದ ನಮ್ಮ ಡಾಕ್ಟರರ ಹತ್ತಿರ ಹೋಗಿ, ಈ ಒಂದು ತಿಂಗಳು ಮಾತ್ರೆಗಳನ್ನೆಲ್ಲ ಸೂರ್ಯ ಮುಳುಗಿದ ಮೇಲೆ ನುಂಗಿದರೆ ಆಗದೇ ಎಂದು ಕೇಳಿದೆ. ಅವರು ಮಾತ್ರೆಯ ಚೀಟಿಯನ್ನು ವಾಪಸು ನನ್ನ ಕೈಗೇ ಕೊಟ್ಟರು.

“ಉಪಾಸ ಮಾಡುಕಾಗ. ಉಪ್ಪು ತಿಂಬುಕಾಗ. ನೀರ್ ಹೇಳ್ದಷ್ಟೇ ಕುಡೀಕ್,” ಎಂದರು.

ಉಪವಾಸವೂ ಅಲ್ಲದ, ಊಟವೂ ಅಲ್ಲದ ಈ ಸ್ಥಿತಿಗೆ ಏನು ಹೆಸರಿದೆಯೋ ನನಗೆ ತಿಳಿಯದು. ಅದರಲ್ಲೂ ನಾನು ಜೀವಮಾನವಿಡೀ ಉಪ್ಪು ಮಾರಿದವನು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಕಡಲ ಬದಿಯಲ್ಲಿ ಮೀನು ಒಣಗಿಸುವವರಿಗೆ ಗೋಣಿಗಟ್ಟಲೆ ಹರಳುಪ್ಪು ಹಾಕಿದ್ದೇನೆ. ನನ್ನ ಉಪ್ಪು ಹಾಕಿದ ಒಂದು ಬಂಗುಡೆಯೂ ಕೆಟ್ಟದ್ದಿಲ್ಲ. ಕೆಟ್ಟವನು ನಾನೊಬ್ಬ.

ಡಾಕ್ಟರರ ತೀರ್ಪಿನ ಮೇಲೆ ಅಪೀಲು ಹಾಕೋಣವೆಂದು ಮಸೀದಿಯ ಉಸ್ತಾದರ ಹತ್ತಿರ ಹೋದೆ. ಧರ್ಮದ ವಿಷಯದಲ್ಲಿ ಅವರಾದರೂ ನನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ. ಅವರು ಡಾಕ್ಟರರಿಗಿಂತ ಬಿಗಿ. ವಾಸಿಯಾಗದ ಕಾಯಿಲೆಯವನಿಗೆ ಉಪವಾಸದ ಕಡ್ಡಾಯವಿಲ್ಲ, ಬದಲಿಗೆ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದರೆ ಸಾಕು, ಜೀವಕ್ಕೆ ಅಪಾಯ ತಂದುಕೊಂಡು ಉಪವಾಸ ಹಿಡಿದರೆ ಪುಣ್ಯ ಹಾಗಿರಲಿ, ಪಾಪ ಸುತ್ತಿಕೊಳ್ಳುತ್ತದೆ ಎಂದರು. ಬಡವರ ಊಟದ ವ್ಯವಸ್ಥೆಯನ್ನು ಮಗ ಕೂತಲ್ಲಿಂದಲೇ ಫೋನಿನಲ್ಲಿ ಮುಗಿಸಿದ. ನನ್ನ ಪಾಲಿಗೆ ಉಳಿದದ್ದು ಮಧ್ಯಾಹ್ನದ ಊಟ ಮಾತ್ರ.

ರಂಜಾನಿನಲ್ಲಿ ಉಪವಾಸ ಇರುವುದು ಕಷ್ಟ ಎನ್ನುವವರು ಒಮ್ಮೆ ರಂಜಾನಿನಲ್ಲಿ ಊಟ ಮಾಡಿ ನೋಡಬೇಕು. ಹೆಂಡತಿ, ಮಗ, ಸೊಸೆ ಮೂವರೂ ಬಾಯಿ ಒಣಗಿಸಿಕೊಂಡು ಓಡಾಡುತ್ತಿರುವಾಗ ನಾನು ಅಡುಗೆಮನೆಯ ಹಿಂದೆ, ಬಟ್ಟಲು ಸದ್ದಾಗದ ಹಾಗೆ ಉಣ್ಣುತ್ತಿದ್ದೆ. ಸಾರಿನಲ್ಲಿ ಹುಳಿ ಇತ್ತು, ಖಾರ ಇತ್ತು, ಉಪ್ಪು ಮಾತ್ರ ಇರಲಿಲ್ಲ. ಅಂಥ ಸಪ್ಪೆ ಊಟವನ್ನೂ ಕದ್ದು ತಿನ್ನುವ ಕರ್ಮ ಬೇರೆ. ಸಂಜೆ ಚಾಪೆ ಹಾಸಿ, ಖರ್ಜೂರ, ಸಮೋಸ, ತೆಂಗಿನಹಾಲಿನ ಗಂಜಿ ಇಟ್ಟುಕೊಂಡು ಎಲ್ಲರೂ ಮಸೀದಿಯ ಬಾಂಗಿನ ಕೂಗಿಗೆ ಕಾಯುವಾಗ ನಾನೂ ಹೋಗಿ ಕೂರುತ್ತಿದ್ದೆ. ಎಲ್ಲರ ಕೈಯಲ್ಲೂ ಒಂದೊಂದು ಖರ್ಜೂರ. ನನ್ನ ಕೈಯಲ್ಲೂ ಇತ್ತು. ಆದರೆ ನನ್ನ ಹೊಟ್ಟೆಯಲ್ಲಿ ಮಧ್ಯಾಹ್ನದ ಅನ್ನ ಇನ್ನೂ ಕರಗಿರಲಿಲ್ಲ. ಕರೆಯದ ಮದುವೆಯ ಪಂಕ್ತಿಯಲ್ಲಿ ಕೂತ ಹಾಗಾಗುತ್ತಿತ್ತು. ಬುದ್ಧಿ ತಿಳಿದಾಗಿನಿಂದ ಒಂದು ದಿನ ಬಿಡದೆ ಆ ಚಾಪೆಯ ಮೇಲೆ ಹಸಿದು ಕೂತವನು ನಾನು. ನನಗೆ ಅಲ್ಲಿ ಹಕ್ಕಿನ ಜಾಗ ಬೇಕಿತ್ತು. ಒಂದೆರಡು ಸಂಜೆ ಕಣ್ಣಲ್ಲಿ ನೀರು ಬಂದು, ಮುಖ ತೊಳೆಯುವ ನೆಪದಲ್ಲಿ ಎದ್ದು ಹೋದದ್ದೂ ಇದೆ.

ಹೀಗಿರುವಾಗ ನನಗೊಂದು ಉದ್ಯೋಗ ಸಿಕ್ಕಿತು.

ನಮ್ಮ ಓಣಿಯಲ್ಲಿ ರಂಜಾನಿನ ಅಡುಗೆಗೆ ಉಪ್ಪು ನೋಡುವವಳು ಪಕ್ಕದ ಮನೆಯ ಮೀನು ಮಾರುವ ಹೆಂಗಸು; ನಮ್ಮ ಉಪವಾಸ ಅವಳಿಗಿಲ್ಲ. ಅಡುಗೆ ಮಾಡುವವರು ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ಉಪವಾಸ ಮುರಿಯುವುದಿಲ್ಲ ಎಂದು ಉಸ್ತಾದರು ಎಷ್ಟು ಹೇಳಿದರೂ ನಮ್ಮ ಹೆಂಗಸರಿಗೆ ಧೈರ್ಯವಿಲ್ಲ. ಅವಳು ಮಾರ್ಕೆಟ್ಟಿನಿಂದ ಬಂದು, ಕೈಕಾಲು ತೊಳೆದು, ಕಂಪೌಂಡಿನ ಆಚೆಯಿಂದ ಅಂಗೈ ಚಾಚುತ್ತಾಳೆ. ಇವರು ಒಂದು ಹನಿ ಗಂಜಿ ಬಿಡುತ್ತಾರೆ. ಅವಳು ನೆಕ್ಕಿ ಬೇಕು ಅಥವಾ ಸಾಕು ಎನ್ನುತ್ತಾಳೆ. ಈ ಏರ್ಪಾಡು ನಮ್ಮ ಮದುವೆಯಾದಾಗಿನಿಂದ ನಡೆದುಕೊಂಡು ಬಂದಿದೆ. ಒಂದು ದಿನ ಅವಳು ಬೈಂದೂರಿನ ಮಗಳ ಮನೆಗೆ ಹೋಗಿದ್ದಳು. ಹೆಂಡತಿ ಸೌಟು ಹಿಡಿದು ಕಂಪೌಂಡಿನ ಹತ್ತಿರ ಸುಮ್ಮನೆ ನಿಂತಳು. ಆಮೇಲೆ ತಿರುಗಿ ಜಗುಲಿಯಲ್ಲಿ ಕೂತಿದ್ದ ನನ್ನನ್ನು ನೋಡಿದಳು. ಮನೆಯಲ್ಲೇ ಒಬ್ಬ ತಿನ್ನುವವನಿದ್ದಾನೆ ಎಂದು ಅವಳಿಗೆ ಆಗ ಹೊಳೆದಿರಬೇಕು.

ತಿಂಗಳುಗಟ್ಟಲೆ ಸಪ್ಪೆ ತಿಂದ ನಾಲಿಗೆಗೆ ಆ ಒಂದು ಸೌಟು ಗಂಜಿ ಬಿದ್ದಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಉಪ್ಪು ಸರಿಯಾಗಿಯೇ ಇತ್ತು. ಸ್ವಲ್ಪ ಕಡಿಮೆ ಎಂದೆ. ಕಡಿಮೆ ಎಂದರೆ ಹಾಕಿ ಇನ್ನೊಮ್ಮೆ ತರುತ್ತಾರಲ್ಲ. ಆ ಸಂಜೆ ಮಗ ಗಂಜಿ ಕುಡಿದು, ಇವತ್ತು ಭಾರೀ ರುಚಿ ಎಂದ. ಅಪ್ಪ ಉಪ್ಪು ನೋಡಿದ್ದು ಎಂದು ಹೆಂಡತಿ ಹೇಳಿದಳು. ಚಾಪೆಯ ಮೇಲೆ ನಾನು ಕಾಲು ಮಡಚಿ ಸರಿಯಾಗಿ ಕೂತೆ.

ಮರುದಿನ ಎದುರು ಮನೆಯ ಪಾತ್ರೆ ಬಂತು. ಅದರ ಮರುದಿನ ಮೂಲೆಮನೆಯದ್ದು. ಸಂಜೆಯ ನಮಾಜಿಗೆ ಮೊದಲು ನಾನು ಜಗುಲಿಯ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಬಟ್ಟಲು ಇಟ್ಟುಕೊಂಡು ಕೂತರೆ ಓಣಿಯ ಗಂಜಿಯೆಲ್ಲ ನನ್ನ ಮುಂದೆ ಹಾಜರಿ ಹಾಕುತ್ತಿತ್ತು. ಹನಿಯಲ್ಲಿ ಉಪ್ಪು ತಿಳಿಯುವುದಿಲ್ಲ, ಬಟ್ಟಲಲ್ಲೇ ಬೇಕು ಎಂದು ನಿಯಮ ಮಾಡಿದೆ. ಕೊನೆಗೆ ಮಸೀದಿಯ ಹಂಡೆಯ ಗಂಜಿಯೂ ಒಂದು ಟಿಫಿನ್ನಿನಲ್ಲಿ ಬಂತು. ಉಪವಾಸ ಹಿಡಿದ ಕಾಲದಲ್ಲಿ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಡಾಕ್ಟರರು ಕಿತ್ತುಕೊಂಡ ಉಪ್ಪನ್ನು ಧರ್ಮವೇ ವಾಪಸು ಕೊಟ್ಟಿತೆಂದು ಒಳಗೊಳಗೇ ಹಿಗ್ಗಿದೆ.

ಮೀನಿನ ಹೆಂಗಸು ಬೈಂದೂರಿನಿಂದ ಬಂದವಳು ಕಂಪೌಂಡಿನ ಆಚೆ ಸೊಂಟಕ್ಕೆ ಕೈಕೊಟ್ಟು ನಿಂತು ಇದನ್ನೆಲ್ಲ ನೋಡಿದಳು.

“ಹ್ವಾಯ್ ಸಾಯ್ಬ್ರೆ, ನನ್ ಕೆಲ್ಸ ಕಸ್ಕಂಡ್ರಿ ಅಲ್ದಾ? ಉಪ್ಪ್ ಕಾಂಬುದಾ, ಊಟ ಮಾಡುದಾ ನೀವ್?” ಎಂದಳು.

ಹೊಟ್ಟೆಕಿಚ್ಚು ಅಂದುಕೊಂಡೆ.

ಮೊದಲು ಚಪ್ಪಲಿ ಬಿಗಿಯಾಯಿತು. ಬಿಸಿಲಿಗೆ ಚರ್ಮ ಕುಗ್ಗಿರಬಹುದು ಎಂದು ಮಗನಿಗೆ ಹೇಳಿದೆ. ಆಮೇಲೆ ಮಲಗಿದರೆ ಉಸಿರು ಕಟ್ಟತೊಡಗಿತು, ಎರಡು ದಿಂಬು ಇಟ್ಟರೂ ಸಾಲದು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದಲ್ಲ. ಕೊನೆಗೆ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುವುದನ್ನು ಸೊಸೆ ಕಂಡುಬಿಟ್ಟಳು. ಮಗ ನನ್ನನ್ನೂ ಹೆಂಡತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದ.

ಡಾಕ್ಟರರಿಗೆ ನನ್ನನ್ನು ನೋಡಿದ್ದೇ ಸಿಟ್ಟು ಬಂತು. ಕದ್ದು ಉಪವಾಸ ಮಾಡಿದಿರಲ್ಲ ಎಂದರು. ಈ ತಿಂಗಳು ನಮ್ಮವರೆಲ್ಲ ಅವರ ಹತ್ತಿರ ಹೇಳುವ ಸುಳ್ಳು ಒಂದೇ ಅಂತೆ. ನಾನು ಒಂದು ಹೊತ್ತೂ ಉಪವಾಸ ಮಾಡಿಲ್ಲ ಎಂದು ಆಣೆ ಮಾಡಿ ಹೇಳಿದೆ. ಹಾಗಾದರೆ ಏನು ಮಾಡಿದಿರಿ ಎಂದು ಕೇಳಿದರು. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡುತ್ತಾ ಕೂತೆ. ಹೆಂಡತಿ ಎಲ್ಲವನ್ನೂ ಹೇಳಿದಳು, ಟಿಫಿನ್ನನ್ನೂ ಬಿಡಲಿಲ್ಲ. ಡಾಕ್ಟರರಿಗೆ ನಗು ಬಂತು. ಆದರೆ ಎದೆಗೆ ಸ್ಟೆತಸ್ಕೋಪು ಇಟ್ಟ ಮೇಲೆ ನಗಲಿಲ್ಲ. ಇನ್ನೆರಡು ದಿನ ತಡ ಮಾಡಿದ್ದರೆ ಹಬ್ಬಕ್ಕೆ ನೀವಿರುತ್ತಿರಲಿಲ್ಲ ಎಂದು ಹೇಳಿ ಅಡ್ಮಿಟ್ ಮಾಡಿಸಿದರು. ಪಕ್ಕದ ಮಂಚದಲ್ಲಿ ಬಾರ್ಕೂರು ಕಡೆಯ ಒಬ್ಬರು ಹಿರಿಯರಿದ್ದರು, ಅವರಿಗೂ ಹೃದಯದ್ದೇ ಕಾಯಿಲೆ. ಮಾತು ಕೇಳದೆ ಉಪವಾಸ ಹಿಡಿದು ಬಿದ್ದವರು. ನಿಮಗೆ ಹೇಗಾಯಿತು ಎಂದು ಅವರು ಬಹಳ ಗೌರವದಿಂದ ಕೇಳಿದರು. ನನಗೂ ಹಾಗೇ ಎಂದೆ.

ಸೂಜಿ ಚುಚ್ಚಿ ಮೈಯ ನೀರು ಇಳಿಸಿ ಮನೆಗೆ ಕಳಿಸಿದರು. ಉಪ್ಪು ನೋಡುವ ಕೆಲಸ ಮೀನಿನ ಹೆಂಗಸಿಗೇ ಮರಳಿ ಹೋಯಿತು. ಅವಳು ಒಂದು ಹನಿ ನೆಕ್ಕಿ, ನನ್ನ ಕಡೆ ನೋಡದೆ ಸಾಕು ಎಂದು ಒಳಗೆ ಹೋಗುತ್ತಿದ್ದಳು. ಆ ಹೊತ್ತಿಗೆ ನಾನು ಅದೇ ಜಗುಲಿಯಲ್ಲಿ ಅದೇ ಕುರ್ಚಿಯಲ್ಲಿ ಕೂರುತ್ತಿದ್ದೆ. ಎದುರು ಮನೆಯವರು ಪಾತ್ರೆಯನ್ನು ಸೆರಗಿನ ಮರೆಯಲ್ಲಿ ಅವಳ ಕಡೆಗೆ ಒಯ್ಯುತ್ತಿದ್ದರು. ಬದುಕಿ ಬಂದ ಸಂತೋಷ ನನಗೆ ಇರಲಿಲ್ಲ ಎಂದರೆ ಅದು ಸುಳ್ಳಲ್ಲ. ಸಂಜೆಯ ಚಾಪೆಗೂ ಹೋಗಲಿಲ್ಲ, ತಲೆ ಸುತ್ತುತ್ತದೆ ಎಂದು ಮಂಚದಲ್ಲೇ ಉಳಿದೆ. ಎರಡು ಸಂಜೆ ಹಾಗೇ ಹೋಯಿತು.

ಮೂರನೆಯ ಸಂಜೆ ಹೆಂಡತಿ ಬಟ್ಟಲು ಹಿಡಿದು ಜಗುಲಿಗೆ ಬಂದಳು. ನಮ್ಮ ಮನೆಯೊಳಗಿನ ಮಾತು ಬ್ಯಾರಿ. ಆದರೆ ಜಗಳಕ್ಕೂ ಹಟಕ್ಕೂ ಅವಳಿಗೆ ಕುಂದಾಪ್ರ ಕನ್ನಡವೇ ಬೇಕು.

“ಉಪ್ಪ್ ಕಾಣಿ,” ಎಂದಳು.

ಡಾಕ್ಟರರು ಹೇಳಿದ್ದನ್ನು ನೆನಪಿಸಿದೆ. ಅವಳು ಬಟ್ಟಲನ್ನು ಇನ್ನಷ್ಟು ಮುಂದೆ ಹಿಡಿದಳು. ಕಂಪೌಂಡಿನ ಆಚೆ ಮೀನಿನ ಹೆಂಗಸು ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಕೊಡವುತ್ತಿದ್ದಳು. ಒಂದು ಗುಟುಕು ಕುಡಿದೆ. ಗಂಜಿಯಲ್ಲಿ ತೆಂಗಿನಹಾಲಿತ್ತು, ಮೆಂತೆಯಿತ್ತು. ಉಪ್ಪು ಒಂದು ಹರಳೂ ಇರಲಿಲ್ಲ. ಮರೆತಳೋ ಎಂದು ತಲೆಯೆತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮರೆತವಳ ಮುಖ ಅದಲ್ಲ.

“ಸಮ ಇತ್ತ್,” ಎಂದೆ.

ಮೀನಿನ ಹೆಂಗಸು ಬಟ್ಟೆ ಕೊಡವುವುದನ್ನು ನಿಲ್ಲಿಸಿ ಒಳಗೆ ಹೋದಳು. ಅಷ್ಟರಲ್ಲಿ ಎದುರು ಮನೆಯ ಪಾತ್ರೆಯೂ ಬಂತು. ಅದರಲ್ಲೂ ಉಪ್ಪಿರಲಿಲ್ಲ. ಅದನ್ನೂ ಸಮ ಎಂದೆ. ಉಪವಾಸ ಇದ್ದವರು ಸುಳ್ಳು ಹೇಳಬಾರದು, ನನಗೆ ಆ ತೊಂದರೆ ಇರಲಿಲ್ಲ.

ಹೊತ್ತು ಮುಳುಗುವ ಮೊದಲು ಚಾಪೆಗೆ ಹೋಗಿ ಕೂತೆ. ಖರ್ಜೂರದ ತಟ್ಟೆಯ ಪಕ್ಕದಲ್ಲಿ ಹೊಸದಾಗಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಪುಡಿಯುಪ್ಪು. ಬಾಂಗ್ ಆಯಿತು. ಖರ್ಜೂರ ತಿಂದು ನೀರು ಕುಡಿದು, ಮಗ ಒಂದು ಚಿಟಿಕೆ ಉಪ್ಪು ತೆಗೆದು ಗಂಜಿಗೆ ಹಾಕಿಕೊಂಡ. ಸೊಸೆಯೂ ಹಾಕಿಕೊಂಡಳು. ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿಯ ಹಾಗೆ ಹೆಂಡತಿಯೂ ಹಾಕಿಕೊಂಡಳು. ಹಳೆಯ ಅಭ್ಯಾಸಬಲದಿಂದ ನಾನೂ ಆ ಬಟ್ಟಲಿಗೆ ಕೈ ಚಾಚಿದೆ.

ಹೆಂಡತಿ ಬಟ್ಟಲನ್ನು ಎತ್ತಿ ತನ್ನ ಆ ಬದಿಗೆ ಇಟ್ಟುಕೊಂಡಳು.

“ಅದ್ ಉಪಾಸ ಇದ್ದವ್ರಿಗೆ,” ಎಂದಳು.