ಪಾಡ್ಯದ ನಸುಕಿನ ಹೊಸ ಚಿಕ್ಕಿ

ಬೇವೂರಿನ ಉಮಾಪತಿ ಮಾಸ್ತರರಿಗೆ ನಕ್ಷತ್ರಗಳ ಹುಚ್ಚು. ಹಗಲೆಲ್ಲ ಮಕ್ಕಳಿಗೆ ಉರ್ದು, ಲೆಕ್ಕ ಕಲಿಸುವರು. ನಸುಕಿನಲ್ಲಿ ಮಾಳಿಗೆಯ ಮೇಲೆ ಕಂಬಳಿ ಹೊದ್ದು ಕುಳಿತು, ತಾವೇ ಬರೆದ ಆಕಾಶದ ನಕ್ಷೆಯನ್ನು ಮೇಲಿನ ಚಿಕ್ಕಿಗಳಿಗೆ ಹೋಲಿಸುವರು. ನಕ್ಷೆಯಲ್ಲಿಲ್ಲದ ಒಂದು ಹೊಸ ನಕ್ಷತ್ರವನ್ನು ಕಾಣಬೇಕು, ಹೈದರಾಬಾದಿನ ವೇಧಶಾಲೆಯ ದಾಖಲೆಯಲ್ಲಿ ಅದನ್ನು ಕಂಡವರೆಂದು ತಮ್ಮ ಹೆಸರು ಸೇರಬೇಕು ಎಂಬುದು ಅವರ ಹನ್ನೆರಡು ವರ್ಷಗಳ ಆಸೆ.

೧೯೪೨ರ ದೀಪಾವಳಿಗೆ ಅವರು ಜ್ವರ ಬಂದು ಮಲಗಿದರು. ಹಬ್ಬ ಮುಗಿದ ಮೇಲೆ ಒಂದು ನಸುಕಿನಲ್ಲಿ ಓಬಳೆಪ್ಪ ಬಾಗಿಲು ಬಡಿದ. ಅವನು ಊರ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುವವನು.

“ಮಾಸ್ತರ, ಹೊರಗ ಬರ್ರಿ. ತೆಂಕಲ ದಿಕ್ಕಿಗೆ ಹೊಸ ಚಿಕ್ಕಿ ಬಂದೈತಿ. ಪಾಡ್ಯದ ದಿನ ಬಾಗಲಾಗ ಪೂಜಿಗೆ ಹಟ್ಟೆವ್ವನ್ನ ಮಾಡಿ ಇಡಾಕ ಸಗಣಿ ತರಾಕ ಹೋದಾಗನ ಕಂಡಿದ್ದೆ.”

“ಮಂಗಳ ಇರಬೇಕೋ ಮಾರಾಯ.”

“ಮಂಗಳ ತಿರಗತಾನ್ರಿ. ಇದು ನಾಕು ದಿನದಿಂದ ಗೂಟ ಬಡದಂಗ ಕುಂತೈತಿ.”

ಮಾಸ್ತರರು ನಕ್ಷೆ ತಂದು ನೋಡಿದರು. ನಕ್ಷೆಯ ಆ ಜಾಗದಲ್ಲಿ ಬರಿಯ ಕಾಗದವಿತ್ತು; ಮೇಲೆ ದೊಡ್ಡ ನಕ್ಷತ್ರ ಉರಿಯುತ್ತಿತ್ತು.

ಅಂದೇ ವೇಧಶಾಲೆಗೆ ಪತ್ರ ಬರೆಯಲು ಕುಳಿತರು. ಓಬಳೆಪ್ಪನ ಹೆಸರಿನ ಬಳಿ ಬಂದಾಗ ಲೇಖನಿ ನಿಂತಿತು. ನೀರೆತ್ತುವವನ ಮಾತನ್ನು ದೊಡ್ಡವರು ನಂಬಿಯಾರೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ಪಾಡ್ಯದ ನಸುಕಿನಲ್ಲಿ ತಾವೇ ಕಂಡುದಾಗಿ ಬರೆದು ಅಂಚೆಗೆ ಹಾಕಿಬಿಟ್ಟರು.

ತಿಂಗಳ ಮೇಲೆ ಉತ್ತರ ಬಂತು. ನಕ್ಷತ್ರ ದೂರದೇಶಗಳಲ್ಲಿಯೂ ಕಂಡಿದೆ. ಆದರೆ ಈ ಸೀಮೆಯಿಂದ ಪಾಡ್ಯದ ದಿನದ ವರದಿ ಇದೊಂದೇ. ಅಂದು ಅದು ಬೆಳಕಿನಲ್ಲಿ ಯಾವ ನಕ್ಷತ್ರಕ್ಕೆ ಸಮವಾಗಿತ್ತು, ಮರುದಿನಗಳಲ್ಲಿ ಎಷ್ಟು ಬೆಳೆಯಿತು, ದಯವಿಟ್ಟು ತಿಳಿಸಿರಿ ಎಂದಿತ್ತು.

ಮಾಸ್ತರರು ಪತ್ರವನ್ನು ಮತ್ತೊಮ್ಮೆ ಓದಿದರು. ಆ ದಿನಗಳಲ್ಲಿ ಅವರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಬಾವಿಗೆ ಹೋಗಿ, ತಮ್ಮ ಕಾಗದಕ್ಕೆ ಹೈದರಾಬಾದಿನಿಂದ ಉತ್ತರ ಬಂದಿದೆಯೆಂದು ಹೇಳಿ ಓಬಳೆಪ್ಪನನ್ನೇ ಕೇಳಿದರು.

“ಪಾಡ್ಯದ ದಿನ, ಒಂದ ಸಾಲಿನಾಗ ಮೂರ ಚಿಕ್ಕಿ ಅದಾವಲ್ರಿ, ಅದರಾಗಿನ ಒಂದರಷ್ಟ ಇತ್ತು. ಎರಡ ದಿನಕ್ಕ ಉಬ್ಬಿ ಅಗಸ್ತ್ಯನ ಚಿಕ್ಕಿಗಿಂತ ತುಸು ಕಡಿಮಿ ಆತು. ಆಮ್ಯಾಗ ದಿನಾ ಕುಂದಿಕೋಂತ ಹೋತು.” ಎತ್ತುಗಳನ್ನು ನಿಲ್ಲಿಸಿ ಅವನು ನಕ್ಕ. “ಕಾಗದದಾಗ ನನ್ನ ಹೆಸರ ಬರದೀರಿ ಹೌದಲ್ರಿ?”

“ಹೂಂ,” ಎಂದರು ಮಾಸ್ತರರು.

ಮರುದಿನ ಓಬಳೆಪ್ಪನ ಹೆಂಡತಿ ಉಡಚಮ್ಮ ಬಿಸಿ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಹೊತ್ತು ಬಂದಳು. “ನಮ್ಮವನ ಹೆಸರ ಹೈದರಾಬಾದಿಗೆ ಮುಟ್ಟಿಸೀರಿ, ಉಣ್ರಿ ಎಪ್ಪಾ. ಓಣ್ಯಾಗೆಲ್ಲ ಎದಿ ಉಬ್ಬಿಸಿ ತಿರಗಾಕ ಹತ್ಯಾನ ಆ ಮಬ್ಬ!”

ಮಾಸ್ತರರು ರೊಟ್ಟಿಯನ್ನು ಮುಟ್ಟದೆ ಮುಚ್ಚಿಟ್ಟರು. ಮೂರು ದಿನ ಶಾಲೆಗೆ ಬಾವಿಯ ದಾರಿ ಬಿಟ್ಟು ಸುತ್ತಿ ಹೋದರು. ನಾಲ್ಕನೆಯ ದಿನ ಎರಡನೆಯ ಪತ್ರ ಬರೆದರು: ಮೊದಲು ಕಂಡವನು ಓಬಳೆಪ್ಪ, ನಾನು ಸುಳ್ಳು ಬರೆದೆ, ಅವನು ಹೇಳಿದ ವಿವರ ಹೀಗಿದೆ. ಬರೆದದ್ದನ್ನು ಬಾವಿಯ ಕಟ್ಟೆಯ ಮೇಲೆ ನಿಂತು ಅವನಿಗೇ ಓದಿ ಹೇಳಿದರು.

ಓಬಳೆಪ್ಪ ಹಗ್ಗ ಬಿಗಿಹಿಡಿದು ಎತ್ತುಗಳನ್ನು ನಿಲ್ಲಿಸಿದ.

“ಕೇಳಿದ್ರ ಕೊಟ್ಟಬಿಡತಿದ್ನಲ್ರಿ ಮಾಸ್ತರ. ಹೆಸರು ತಗೊಂಡು ನಾ ಏನ ಮಾಡಲಿ? ಆದ್ರ ನನ್ನ ಮಾರಿ ನೋಡಿ ಹೂಂ ಅಂದ್ರಲ್ಲ, ಅದು ಛಲೋ ಆಗಲಿಲ್ಲ.”

ಎತ್ತುಗಳಿಗೆ ಬಾರುಕೋಲು ತೋರಿಸಿ ಅವನು ಕೆಲಸಕ್ಕೆ ಹತ್ತಿದ. ಮಾಸ್ತರರು ಪತ್ರವನ್ನು ಅಂಚೆಗೆ ಹಾಕಿದರು. ವೇಧಶಾಲೆಯಿಂದ ಓಬಳೆಪ್ಪನ ಹೆಸರಿಗೆ ವಂದನೆಯ ಒಂದು ಕಾರ್ಡು ಬಂದಿತು. ಅದನ್ನು ಮಾಸ್ತರರೇ ಓದಿ ಹೇಳಿದರು; ಅವನು ಕಾರ್ಡನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಎತ್ತುಗಳ ಕಡೆಗೆ ಹೋದ.

ಆರು ವರ್ಷಗಳ ಬಳಿಕ, ೧೯೪೮ರ ನವೆಂಬರಿನ ಒಂದು ನಸುಕಿನಲ್ಲಿ ಮತ್ತೆ ಬಾಗಿಲು ಬಡಿದ ಸದ್ದಾಯಿತು.

“ಬರ್ರಿ ಮಾಸ್ತರ, ಬಾಲದ ಚಿಕ್ಕಿ ಮೂಡೈತಿ.”

ಓಬಳೆಪ್ಪ ಒಬ್ಬನೇ ಬಂದಿರಲಿಲ್ಲ. ಹಿಂದೆ ಉಡಚಮ್ಮನೂ ನೆರೆಯ ಮಕ್ಬುಲಸಾಬನೂ ನಿಂತಿದ್ದರು.

“ಈ ಸಲ ನಿಮಗಿಂತ ಮೊದಲ ಇವರಿಬ್ರಿಗೂ ತೋರಿಸೀನ್ರಿ,” ಎಂದ ಅವನು, ಬಲು ಮೆತ್ತಗೆ.

ಉಮಾಪತಿ ಮಾಸ್ತರರಿಗೆ ಆಕಾಶದ ಕಡೆಗೆ ಮುಖವೆತ್ತಲು ತುಸು ಹೊತ್ತು ಹಿಡಿಯಿತು.